ಬೋರ್ಡಿನ ಕೊನೆಯ ಸಾಲು

ಯುಗಾದಿಗೆ ಮುಂಚೆ ಬಂದವನು ಜಾದೂಗಾರ್ ಪಿಳ್ಳಾಂಜಿನಪ್ಪ.
‘ಒಂದೆಳೆ’ ಅಂತ ದಪ್ಪಗೆ ಬರಿ, ಕೆಳಗೆ ಸಣ್ಣಗೆ:
ಈ ಆಟ ಕಂಡುಹಿಡಿದವರು ಇವರೇ.
ಹಳದಿ ಮೇಲೆ ಕೆಂಪು. ಮುಂಗಡ ಇನ್ನೂರು.

ವಾರ ಕಳೆದು ಚಿಂತಾಮಣಿಯ ಪ್ರೊಫೆಸರ್ ವರದರಾಜು,
ಓದಿ ಆದ ಪ್ರೊಫೆಸರಲ್ಲ, ಕೋಟಿನಿಂದ ಆದದ್ದು.
ಅದೇ ಆಟ, ಅದೇ ಸಾಲು,
‘ಇವರೇ’ ಆದ ಮೇಲೆ ‘ಇವರೊಬ್ಬರೇ’ ಅಂತ ಇನ್ನೊಂದು ಪದ.
ಅಕ್ಷರಕ್ಕಿಷ್ಟು ಅಂತ ನನ್ನ ಲೆಕ್ಕ. ಬರೆದೆ.
ಎರಡನ್ನೂ ಒಂದೇ ಗೋಡೆಗೆ ಒಣಗಲು ಒರಗಿಸಿದ್ದು ನನ್ನ ತಪ್ಪು.

ಆಟ ಗೊತ್ತಲ್ಲ ನಿಮಗೆ?
ಸಭೆಯಲ್ಲಿ ಯಾರಾದರೂ ಒಂದು ಗೂಡು ಕೊಡುತ್ತಾರೆ
(ಶಿಡ್ಲಘಟ್ಟದಲ್ಲಿ ಯಾರ ಜೇಬು ತಡಕಿದರೂ ಒಂದು ಗೂಡು ಸಿಕ್ಕೀತು).
ಮುಷ್ಟಿ ಮುಚ್ಚಿ, ಊದಿ, ತುದಿ ಹಿಡಿದು ಎಳೆದರೆ
ಬರುತ್ತಲೇ ಇರುತ್ತದೆ, ಮೊದಲು ಬಿಳಿ,
ಆಮೇಲೆ ಅರಿಶಿನ, ಆಮೇಲೆ ನವಿಲುಬಣ್ಣ,
ಕೊನೆಗೆ ಎಳೆಗೆ ಗಂಟು ಬಿದ್ದು ತೂಗುತ್ತ
ಗೂಡು ಕೊಟ್ಟವರದೇ ಉಂಗುರ.
ಮುಷ್ಟಿ ಬಿಚ್ಚಿದರೆ ಖಾಲಿ. ಹುಳವೂ ಇಲ್ಲ.

ಒಂದು ಸಂಜೆ ಇಬ್ಬರೂ ಒಟ್ಟಿಗೆ ಅಂಗಡಿಗೆ ಬಂದರು.
ಒಬ್ಬನ ಕೈಲಿ ನೋಟ್‌ಬುಕ್ಕು, ಪುಟಪುಟಕ್ಕೂ ತಾರೀಕು.
ಇನ್ನೊಬ್ಬನ ಕೈಲಿ ಸ್ಕೂಲ್‌ಡೇ ಫೋಟೋ,
ಹಿಂದಿನ ಕರಿಹಲಗೆಯಲ್ಲಿ ಇಸವಿ.
‘ನವಿಲುಬಣ್ಣ ನಂದು.’ ‘ಉಂಗುರ ನಂದು.’
‘ಊದೋದು? ಊದೋದು ಯಾರ್ದು ಹೇಳು!’
ರಸ್ತೆಯ ಜನಕ್ಕೆ ಗುಟ್ಟು ಕೇಳಿಸಬಾರದೆಂದು
ಪಿಸುಮಾತಿನಲ್ಲೇ ಬೈದಾಡಿದರು,
ಪಿಸುಮಾತಿನಲ್ಲೇ ಒಬ್ಬನ ಗುಂಡಿ ಇನ್ನೊಬ್ಬ ಕಿತ್ತ.
ನೀನೇ ಹೇಳು ಸೊಣ್ಣಪ್ಪ, ಯಾರದು ಮೊದಲು ಬರೆದೆ?

ನಾನು ಬ್ರಷ್ಷು ತೊಳೆಯುತ್ತಿದ್ದೆ.
ನನ್ನ ‘ಳ’ದ ಬಾಲ ಕಂಡರೆ ಇದು ಸೊಣ್ಣಪ್ಪನ ಕೈ ಅನ್ನುತ್ತದೆ ಊರು.
ಆ ಬಾಲ ಗೌರಿಬಿದನೂರಿನ ನಮ್ಮ ಮೇಷ್ಟ್ರದು.
ಅವರು ತೀರಿಕೊಂಡಾಗ ಹೋಗಿದ್ದೆ,
ಸುಗಂಧರಾಜದ ಹಾರ ಹಾಕಿದೆ,
ಬಾಲದ ಮಾತು ಎತ್ತಲಿಲ್ಲ.

ಇನ್ನೊಂದು ಮಾತನ್ನೂ ಎತ್ತಲಿಲ್ಲ.
ನಲವತ್ತು ವರ್ಷದ ಹಿಂದೆ
ನಮ್ಮಮ್ಮ ನೂಲು ಬಿಚ್ಚುತ್ತಿದ್ದ ಶೆಡ್ಡಿನಲ್ಲಿ,
ಸತ್ತ ಹುಳದ ವಾಸನೆಯ ಹಬೆಯಲ್ಲಿ,
ಪಕ್ಕದ ಬೇಸಿನ್ನಿನ ಖಮರುನ್ನೀಸಾ
ಅಳುವ ನನಗೂ ಇನ್ನೂ ನಾಲ್ಕು ಮಕ್ಕಳಿಗೂ
ಒದ್ದೆ ಮುಷ್ಟಿಯಿಂದ ಎಳೆದೆಳೆದು ತೋರಿಸುತ್ತಿದ್ದಳು:
ಬಿಳಿ, ಅರಿಶಿನ,
ತುದಿಯಲ್ಲಿ ನಮ್ಮಮ್ಮನ ಕಾಲುಂಗುರ.
ಆ ನಾಲ್ಕರಲ್ಲಿ ಪಿಳ್ಳಾಂಜಿನಪ್ಪ ಇದ್ದನೇ?
ಮೂಗು ಸೋರುವಾಗ ಎಲ್ಲ ಮುಖವೂ ಒಂದೇ.
ವರದರಾಜುವಿನ ಸೋದರತ್ತೆ ಅಲ್ಲೇ ಕೆಲಸಕ್ಕಿದ್ದಳು ಅಂತಲೂ ಕೇಳಿದ್ದೇನೆ.

ಹುಡುಕಿಕೊಂಡು ಹೋದೆ.
ಮೊಮ್ಮಗನ ಮೊಬೈಲಿನಲ್ಲಿ ಇಬ್ಬರ ಆಟವನ್ನೂ
ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದಳು.
‘ಒಣ ಕೈಲಿ ಮಾಡ್ತಾವ್ರಲ್ಲಪ್ಪ.
ಇಲ್ಲಿ ನೋಡು, ಎಳೆ ತುಂಡಾಗೈತೆ.
ಮುಚ್ಚಿಕೊಂಡವ್ನೆ, ಕಳ್ಳ.’
ಅವಳ ಸಿಟ್ಟೆಲ್ಲ ಅಷ್ಟಕ್ಕೇ.

ನಿಮಗೆ ಯಾರು ಕಲಿಸಿದ್ದು ಅಂದೆ.
‘ನೀರು ಸುಡ್ತಿತ್ತು. ನೀವು ಅಳ್ತಿದ್ರಿ.
ಏನಾದ್ರೂ ಮಾಡ್ಬೇಕಿತ್ತು.’
ಹೆಸರು ಬರೆಯಲೇ, ಬೋರ್ಡಿನಲ್ಲಿ?
‘ಅಕ್ಷರಕ್ಕೆ ಎಷ್ಟು?’ ಅಂದಳು,
ನಗಲಿಲ್ಲ; ನಿಜವಾಗಿ ಕೇಳಿದ್ದು.
ಐದೂ ಅಕ್ಷರ ಒತ್ತಿ ಹೇಳಿ, ನಾನೇ ಎಣಿಸುತ್ತ ಎದ್ದೆ.

ಬೋರ್ಡುಗಳು ಇನ್ನೂ ನನ್ನ ಗೋಡೆಗೇ ಇವೆ.
ಕೊನೆ ಸಾಲು ಒಣಗಿಲ್ಲ ಅಂತ
ಇಬ್ಬರಿಗೂ ಸುಳ್ಳು ಹೇಳುತ್ತಿದ್ದೇನೆ.

ಮೊನ್ನೆ ರೇಷನ್ ಅಂಗಡಿ ಸಾಲಿನಲ್ಲಿ ನನ್ನ ಮುಂದೆ ಅವಳೇ.
ಹೆಬ್ಬೆರಳು ಒತ್ತಿದಳು. ಮಿಷನ್ನು ಒಪ್ಪಲಿಲ್ಲ.
ಸೆರಗಿಗೆ ಒರೆಸಿ ಒತ್ತಿದಳು. ಇಲ್ಲ.
ಬಿಸಿನೀರು ತಿಂದ ಬೆರಳು, ಒಂದು ಗೆರೆಯಿಲ್ಲ,
ಒಳಗಡೆ ಸವೆದ ಚಮಚದ ಹಾಗೆ ನುಣುಪು.
‘ನೀನ್ಯಾರು ಅಂತ ಇದ್ರಲ್ಲಿ ಬರ್ತಾ ಇಲ್ಲಮ್ಮ’ ಅಂದ ಹುಡುಗ.
ಅವಳು ಬೆರಳನ್ನು ಬಾಯಿಗೆ ತಂದು
ಒದ್ದೆ ಮಾಡಿಕೊಂಡು
ಇನ್ನೊಮ್ಮೆ ಇಟ್ಟಳು.